ಸಾಗವಾನಿ ಹಲಗೆಗೆ ಕೂರಿಸಿದ ಮೀಟರ್

ಹಳೆಯ ಜೀಪಿಗೆ ಹೊಸ ಮೀಟರ್ ಕೂರಿಸುವುದೆಂದರೆ ದುಂಡಗೆ ತೂತು ಕೊರೆದು, ಹಿಂದಿನಿಂದ ವೈರು ಎಳೆದು, ನಟ್ಟು ಬಿಗಿದು ಕೈ ಒರೆಸಿಕೊಳ್ಳುವುದು ಎಂದುಕೊಂಡು ಈ ಕೆಲಸಕ್ಕೆ ಬರುವವರು ಬಹಳ ಜನ. ಬರಲಿ, ಬೇಡವೆನ್ನಲು ನಾನು ಯಾರು? ಆದರೆ ದಾಂಡೇಲಿಯಲ್ಲಿ ಜೀವಮಾನವಿಡೀ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಕಣ್ಣಿಗೆ ತುಕ್ಕು ಉದುರಿಸಿಕೊಂಡವನು ನಾನು. ಗ್ಯಾರೇಜನ್ನು ತಂಗಿಯ ಮಗನಿಗೆ ಬಿಟ್ಟುಕೊಟ್ಟು ಈಗ ಮನೆಯಲ್ಲಿದ್ದೇನೆ. ಈ ಕೆಲಸವನ್ನು ಚೆನ್ನಾಗಿ ಮಾಡಿದ್ದೇನೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚ ಇದ್ದವರು ಬೇರೆಯವರ ಗಾಡಿಯ ಹಲಗೆಗೆ ತೂತು ಕೊರೆಯಬಾರದು.

ನಮ್ಮಪ್ಪ ಧಾರವಾಡ ಕಡೆಯಿಂದ ಪೇಪರ್ ಮಿಲ್ಲಿನ ಕೆಲಸಕ್ಕೆಂದು ಇಲ್ಲಿಗೆ ಬಂದವರು. ನಾನೂ ಮಿಲ್ಲಿಗೇ ಸೇರುತ್ತೇನೆ ಎಂದು ಅವರು ನಂಬಿಕೊಂಡಿದ್ದರು. ನನಗೋ ಪಾಳಿಗೆ ಕರೆಯುವ ಮಿಲ್ಲಿನ ಭೋಂಗಾ ಕೇಳಿದರೇ ಆಗುತ್ತಿರಲಿಲ್ಲ. ಹಳಿಯಾಳಕ್ಕೆ ಹೋಗಿ ಇಮಾಮಸಾಬರ ಹತ್ತಿರ ಗಾಡಿ ವೈರಿಂಗ್ ಕಲಿಯಲು ನಿಂತೆ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಕೈ ಮಾತ್ರ ಹೂವಿನಷ್ಟು ಮೆತ್ತಗೆ.

ಉಸ್ತಾದ್ ನನಗೆ ಬಹಳ ಕಾಲ ಡ್ರಿಲ್ ಮುಟ್ಟಲು ಬಿಡಲಿಲ್ಲ. ಕೈಗೆ ಒಂದು ತುಂಡು ಚಾಕ್ ಕೊಟ್ಟರು. ಗಾಡಿಯ ಮಾಲೀಕನನ್ನು ಸೀಟಿನಲ್ಲಿ ಕೂರಿಸಬೇಕು, ದಿನಾ ಹೋಗುವ ದಾರಿಯಲ್ಲಿ ಹೋಗುತ್ತಿರುವಂತೆ ಸ್ಟೇರಿಂಗ್ ತಿರುಗಿಸಲು ಹೇಳಬೇಕು, ಪಕ್ಕದಲ್ಲಿ ಕುಳಿತು ಅವನ ಕಣ್ಣು ನೋಡಬೇಕು. ರಸ್ತೆ ಬಿಟ್ಟು ಅವನ ದೃಷ್ಟಿ ಕ್ಷಣಮಾತ್ರ ಎಲ್ಲಿಗೆ ಇಳಿಯುತ್ತದೋ ಅಲ್ಲಿ ಚಾಕಿನಿಂದ ಗುರುತು ಹಾಕಬೇಕು.

"ಪೈಲೆ ಕುಂತು ನೋಡೊ," ಎನ್ನುತ್ತಿದ್ದರು, ಮೊದಲು ಕುಳಿತು ನೋಡು ಎಂದು. "ಅವನ ಕಣ್ಣು ಎಲ್ಲಿ ಬೀಳತೈತಿ ಅಲ್ಲಿ ಮೀಟರ್ ಕುಂದ್ರಬೇಕು. ನಿನಗ ಎಲ್ಲಿ ಚಂದ ಕಾಣತೈತಿ ಅಲ್ಲಲ್ಲ."

ಇನ್ನೊಂದು ಪದ್ಧತಿ ಚಹಾದಂಗಡಿಯದು. ನೀರಿನ ಬಿಸಿ ತೋರಿಸುವ ಮೀಟರಿಗೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದನ್ನು ಎಂಜಿನ್ನಿಗೆ ತಿರುಗಿಸಿ ಬಿಗಿಯುವ ಮೊದಲು ಉಸ್ತಾದ್ ಮೀಟರ್, ಬ್ಯಾಟರಿ, ಸೆನ್ಸರ್ ಮೂರನ್ನೂ ಹೊತ್ತುಕೊಂಡು ಪಕ್ಕದ ಚಹಾದಂಗಡಿಗೆ ಹೋಗುತ್ತಿದ್ದರು. ಗಾಡಿಯವನ ಎದುರಿಗೇ ಸೆನ್ಸರನ್ನು ಕುದಿಯುವ ನೀರಿನಲ್ಲಿ ಅದ್ದುವುದು, ಮುಳ್ಳು ಏರುವುದನ್ನು ಅವನಿಗೇ ತೋರಿಸುವುದು. ಅಂಗಡಿಯವನು ಹಣೆ ಚಚ್ಚಿಕೊಳ್ಳುತ್ತಿದ್ದ.

"ಉಸ್ತಾದ್ರ, ನನ್ನ ಚಹಾದಾಗ ಗಾಡಿ ವಾಸನಿ ಬರ್ತೈತ್ರಿ!"

"ಹೊಸಾ ಸೆನ್ಸರ್ ಐತೊ. ನಿನ್ನ ಕಪ್ಪಿಗಿಂತ ಸ್ವಚ್ಛ ಐತಿ, ಬೇಕಾದ್ರ ನೋಡು."

ಮುಳ್ಳು ಏರುವುದನ್ನು ತನ್ನ ಕಣ್ಣಾರೆ ಕಂಡವನು ಆಮೇಲೆ ಮೀಟರನ್ನು ನಂಬುತ್ತಾನೆ. ನಂಬದವನ ಗಾಡಿಗೆ ಎಷ್ಟು ಮೀಟರ್ ಹಾಕಿದರೂ ಅದು ಬರೀ ಅಲಂಕಾರ. ಈಗ ಮೊಬೈಲಿನಲ್ಲಿ ತರಿಸಿದ ಬಣ್ಣದ ದೀಪದ ಮೀಟರುಗಳನ್ನು ಸಾಲಾಗಿ ಜೋಡಿಸಿ ಡ್ಯಾಶ್‌ಬೋರ್ಡನ್ನು ಗಡಿಯಾರದ ಅಂಗಡಿ ಮಾಡಿಕೊಂಡವರನ್ನು ನೋಡುತ್ತೇನೆ. ಯಾವುದು ಏನು ಹೇಳುತ್ತದೆ ಎಂದು ಕೇಳಿದರೆ ಹಲ್ಲು ಕಿರಿಯುತ್ತಾರೆ.

ನಂಬಿಕೆಯ ಮಾತು ಬಂದಾಗ ಸನವಳ್ಳಿಯ ಒಬ್ಬ ಡ್ರೈವರ್ ನೆನಪಾಗುತ್ತಾನೆ. ಮುಂಡಗೋಡದಿಂದ ಸುತ್ತಲಿನ ಹಳ್ಳಿಗಳಿಗೆ ಜನರನ್ನು ಒಯ್ಯುತ್ತಿದ್ದ. ಅತ್ತಿವೇರಿ ರಸ್ತೆಯಲ್ಲಿ ಅವನ ಎಂಜಿನ್ ಬಿಸಿಯಾಗಿ ಹಿಡಿದುಕೊಂಡಿತು. ಹೋಗಿ ನೋಡಿದರೆ ಮೀಟರಿನ ಗಾಜಿನ ಮೇಲೆ ದೇವರ ಚಿತ್ರ ಅಂಟಿಸಿದ್ದಾನೆ!

"ಏನ್ ಮಾಡೂದ್ರಿ? ಮುಂದ ಕುಂತ ಮಂದಿ ಮುಳ್ಳನ್ನ ನೋಡ್ತಾರ. ಸ್ವಲ್ಪ ಏರಿದ್ರ ಸಾಕು, ಇಳಸೊ ಇಳಸೊ ಅಂತ ಚೀರ್ತಾರ," ಎಂದ.

ನನಗೆ ಬಂದ ನಗುವನ್ನು ತಡೆದುಕೊಂಡು ಮೀಟರನ್ನು ಕಿತ್ತು ಸ್ಟೇರಿಂಗಿನ ಬಲಕ್ಕೆ, ಅವನೊಬ್ಬನಿಗೇ ಕಾಣುವ ಮೂಲೆಗೆ ಹಾಕಿಕೊಟ್ಟೆ. ದೇವರನ್ನು ನಡುವೆ ಮೇಲಕ್ಕೆ ಕೂರಿಸಿದೆ. ಮುಂದೆ ಆ ಗಾಡಿ ಬಿಸಿಯಾಗಿ ನಿಂತದ್ದನ್ನು ನಾನು ಕೇಳಲಿಲ್ಲ.

ನಮ್ಮ ಸೀಮೆಗೆ ಅಂಟಿದ ಇನ್ನೊಂದು ರೋಗವೆಂದರೆ ಸಾಗವಾನಿ. ಇಲ್ಲಿಯ ಮಳೆಗೆ ಜೀಪಿನ ತಗಡಿನ ಡ್ಯಾಶ್‌ಬೋರ್ಡು ಹಪ್ಪಳದಂತೆ ಪುಡಿಯಾಗುತ್ತದೆ. ಬಡಿಗೇರನ ಮನೆ ಹತ್ತಿರ, ಹೊಸ ತಗಡು ದೂರ. ಹಾಗಾಗಿ ದಾಂಡೇಲಿ, ಜೋಯಿಡಾ, ಹಳಿಯಾಳದ ಹಳೆಯ ಜೀಪುಗಳಲ್ಲಿ ತಗಡಿನ ಜಾಗಕ್ಕೆ ಪಾಲಿಶ್ ಹೊಡೆದ ಮರದ ಹಲಗೆ ಬಂದು ಕೂತಿರುತ್ತದೆ. ನೋಡಲು ಭರ್ಜರಿ. ಆದರೆ ಮೀಟರಿಗೆ ಹೋದ ಕರೆಂಟು ಮರಳಿ ಬ್ಯಾಟರಿಗೆ ಬರಲು ದಾರಿ ಬೇಕು, ಅದನ್ನೇ ನಾವು ಅರ್ಥ್ ಎನ್ನುವುದು. ತಗಡಿದ್ದರೆ ತಗಡೇ ಆ ದಾರಿ. ಮರದಲ್ಲಿ ಕರೆಂಟು ಹರಿಯುವುದಿಲ್ಲ. ಬೇರೆ ವೈರು ಎಳೆಯದಿದ್ದರೆ ಮುಳ್ಳು ಬಾಯಿಗೆ ಬಂದಂತೆ ಮಾತಾಡುತ್ತದೆ.

ಹಳಿಯಾಳದ ಒಬ್ಬ ಯಜಮಾನರ ಗಾಡಿಯಲ್ಲಿ ಹೆಡ್‌ಲೈಟ್ ಹಾಕಿದೊಡನೆ ಮುಳ್ಳು ಕೆಂಪಿಗೆ ಜಿಗಿಯುತ್ತಿತ್ತು. ಲೈಟಿನಿಂದ ಎಂಜಿನ್ ಕಾಯುತ್ತದೆ ಎಂದು ಅವರು ತೀರ್ಮಾನ ಮಾಡಿ, ಮುಸ್ಸಂಜೆಯಲ್ಲೂ ಲೈಟು ಹಾಕದೆ ಓಡಿಸುತ್ತಿದ್ದರಂತೆ. ನಾನು ಹಲಗೆಯ ಹಿಂದೆ ಒಂದು ಅರ್ಥ್ ವೈರು ಎಳೆದು ಲೈಟು ಹಾಕಿ ತೋರಿಸಿದೆ. ಮುಳ್ಳು ಅಲುಗಲಿಲ್ಲ. ಯಜಮಾನರು ಮುಖ ಸಿಂಡರಿಸಿಕೊಂಡು, "ಇಷ್ಟ ಸಣ್ಣ ವೈರಿಗೆ ಇಷ್ಟ ದಿನಾ ಕತ್ತಲಾಗ ಹೊಡದ್ನೇನೋ?" ಎಂದರು. ಎದುರಿಗೆ ಯಾರೂ ಬರಲಿಲ್ಲವಲ್ಲ, ಅದೇ ಪುಣ್ಯ ಎಂದೆ.

ಇಷ್ಟೆಲ್ಲ ಹೇಳಿದ್ದು ಕ್ಲಾರಾಳ ಜೀಪಿನ ವಿಷಯಕ್ಕೆ ಬರಲು. ನಾನು ನನ್ನ ಕೈಯಾರೆ ಮಾಡಿದ ಕೊನೆಯ ದೊಡ್ಡ ಕೆಲಸ ಅದು.

ಕ್ಲಾರಾ ಹಳಿಯಾಳ ತಾಲೂಕಿನ ಕಾಡಂಚಿನ ಒಂದು ಸಿದ್ದಿಯರ ಊರಿನವಳು. ಅವಳ ಅಪ್ಪ ಜೀಪು ಓಡಿಸುತ್ತಿದ್ದರು, ಮಗಳಿಗೂ ಕಲಿಸಿದ್ದರು. ಅವರು ತೀರಿಕೊಂಡ ಮೇಲೆ ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಜನರನ್ನು ಒಯ್ಯುವವಳು ಅವಳೇ. ಅಣ್ಣ ಬಸ್ತ್ಯಾಂವ ಹೊಲದ ಕೆಲಸದವನು, ಗಾಡಿಯೆಂದರೆ ಆಗದು. ಎರಡು ಸಲ ಎಂಜಿನ್ ಕುದ್ದು ದಾರಿಯಲ್ಲಿ ನಿಂತಿತ್ತು. ಎರಡು ಸಲವೂ ಬಿಚ್ಚಿ ಕಟ್ಟಿಸಬೇಕಾಯಿತು. "ನಮ್ಮ ಗಾಡಿ ನಾ ಮಾರತೇನಿ" ಎಂದು ಬಸ್ತ್ಯಾಂವ ಹಳಿಯಾಳದ ಗುಜರಿಯವನನ್ನು ಕರೆದು ತೋರಿಸಿಯೂ ಆಗಿತ್ತು.

ಅಷ್ಟರಲ್ಲಿ ಜೋಯಿಡಾದ ಸುನಂದಾಬಾಯಿ ಒಂದು ಕೆಲಸ ಹೇಳಿದರು. ಅವರು ಕಾಡಿನ ಹತ್ತಿರ ತಮ್ಮ ಮನೆಯಲ್ಲೇ ಪ್ರವಾಸಿಗರನ್ನು ಇಟ್ಟುಕೊಳ್ಳುತ್ತಾರೆ. ಕ್ಯಾಸಲ್‌ರಾಕ್ ಸ್ಟೇಷನ್ನಿನಲ್ಲಿ ರೈಲು ಇಳಿದವರನ್ನು ಅಲ್ಲಿಗೆ ಕರೆತರಬೇಕು. ಒಂದು ಸಲ ತೊಂದರೆಯಿಲ್ಲದೆ ತಂದರೆ ಮುಂದೆ ಎಲ್ಲ ಕೆಲಸ ಇವಳಿಗೇ. ಆ ಒಂದು ಸಲ ನೋಡಿ ಆಮೇಲೆ ಮಾರು ಎಂದು ಕ್ಲಾರಾ ಅಣ್ಣನ ಕೈಕಾಲು ಹಿಡಿದು ಒಪ್ಪಿಸಿದ್ದಳು. ಹೀಗೆ ಇಬ್ಬರೂ ನನ್ನಲ್ಲಿಗೆ ಬಂದರು.

"ಕಾಕಾ, ಎಂಜಿನ್ ಕುದಿಯೂದು ನನಗ ಗೊತ್ತಾಗೂದು ಹೊಗಿ ಬಂದ ಮ್ಯಾಲ," ಎಂದಳು ಕ್ಲಾರಾ. "ಮೊದಲ ಗೊತ್ತಾಗಬೇಕು. ಅಷ್ಟ ಮಾಡಿ ಕೊಡ್ರಿ."

ಕೇಳಬೇಕಾದ್ದನ್ನೇ ಕೇಳುವ ಗಿರಾಕಿ ಬಂದರೆ ನನಗೆ ಈಗಲೂ ಉಮೇದು ಬರುತ್ತದೆ. ಬಾನೆಟ್ ಎತ್ತಿದೆ. ಎಂಜಿನ್ ಗಟ್ಟಿಯಾಗೇ ಇತ್ತು. ನೀರಿನ ಹಳೆಯ ಪೈಪು ಒಳಗೊಳಗೇ ಕುಸಿದಿತ್ತು, ಅದನ್ನು ಬದಲಿಸಿದೆ. ಆಮೇಲೆ ಒಳಗೆ ನೋಡಿದರೆ ಅಲ್ಲೂ ಸಾಗವಾನಿ. ಆದರೆ ಇದು ಬಡಿಗೇರನ ಕೆಲಸವಲ್ಲ. ಅವರಪ್ಪ ತಾವೇ ಬಾಚಿಯಲ್ಲಿ ಕೆತ್ತಿ, ಉಜ್ಜಿ, ಎಣ್ಣೆ ಕುಡಿಸಿ ಮಾಡಿದ ಹಲಗೆ. ಅದರ ಮೇಲೆ ಚಾಕ್ ಇಟ್ಟೊಡನೆ ಬಸ್ತ್ಯಾಂವ ಅಡ್ಡ ಬಂದ.

"ಅಪ್ಪನ ಹಲಗಿ ಕೊರೀಬ್ಯಾಡ್ರಿ ಕಾಕಾ. ಮೀಟರ್ ಕೆಳಗ ಎಲ್ಲೆರ ತಂತಿ ಕಟ್ಟಿ ಜೋತು ಬಿಡ್ರಿ."

ನಾನು ಬಾಯಿ ತೆರೆಯುವ ಮೊದಲೇ ಕ್ಲಾರಾ ಅಂದಳು: "ಹಲಗಿ ಉಳಿಸಿಕೊಂಡು ಗಾಡಿ ಗುಜರಿಗೆ ಹಾಕತೀಯೇನಣ್ಣಾ?"

ಅವನು ಹಲಗೆಯನ್ನೊಮ್ಮೆ ಅಂಗೈಯಿಂದ ಸವರಿ ಪಕ್ಕಕ್ಕೆ ಸರಿದ. ಸತ್ತ ಮನುಷ್ಯನ ಕೈಕೆಲಸದ ಮೇಲೆ ಡ್ರಿಲ್ ಹಿಡಿಯುವುದು ಹಗುರದ ಕೆಲಸವಲ್ಲ.

ಕ್ಲಾರಾಳನ್ನು ಸೀಟಿನಲ್ಲಿ ಕೂರಿಸಿ ಪಕ್ಕದಲ್ಲಿ ಕುಳಿತೆ. ಎತ್ತರದ ಹುಡುಗಿ, ಕಾಡಿನ ರಸ್ತೆಯ ಎಡಬದಿಯ ಅಂಚನ್ನು ನೋಡುತ್ತ ಓಡಿಸುವವಳು. ಅವಳ ಕಣ್ಣು ಇಳಿಯುತ್ತಿದ್ದುದು ಸ್ಟೇರಿಂಗಿನ ಸ್ವಲ್ಪ ಎಡಕ್ಕೆ, ಹಲಗೆಯ ಅತ್ಯಂತ ಚೆಂದದ ಜಾಗಕ್ಕೆ. ಅಲ್ಲೇ ಗುರುತು ಹಾಕಿದೆ. ನಿಧಾನವಾಗಿ ಕೊರೆದೆ, ಒಂದು ಸಿಬಿರೂ ಏಳಲಿಲ್ಲ. ಬ್ಯಾಟರಿಯವರೆಗೆ ಬೇರೆ ಅರ್ಥ್ ವೈರು ಎಳೆದೆ. ಸೆನ್ಸರಿಗೆ ನಲ್ಲಿ ರಿಪೇರಿಯವರ ಬಿಳಿ ಟೇಪು ಸುತ್ತಲಿಲ್ಲ. ನೀರು ಸೋರದಿರಲಿ ಎಂದು ಈಗಿನವರು ಅದನ್ನು ಸುತ್ತುತ್ತಾರೆ. ಸೆನ್ಸರಿನ ಅರ್ಥ್ ಹೋಗುವುದೇ ಅದರ ತಿರುಪಿನ ಸುತ್ತುಗಳ ಮೂಲಕ. ಟೇಪು ಸುತ್ತಿದರೆ ನೀರು ಕುದಿಯುತ್ತಿದ್ದರೂ ಮುಳ್ಳು ತಣ್ಣಗೆ ಮಲಗಿರುತ್ತದೆ. ಇದನ್ನು ದಯವಿಟ್ಟು ಮರೆಯಬೇಡಿ.

ಸೆನ್ಸರ್ ಹಾಕುವ ಮೊದಲು ಚಹಾದಂಗಡಿಗೂ ಹೋಗಿದ್ದೆವು. ಕ್ಲಾರಾ ತನ್ನ ಕೈಯಿಂದಲೇ ಸೆನ್ಸರನ್ನು ಅದ್ದಿ, ಮುಳ್ಳು ಹಸಿರು ದಾಟಿ ಕೆಂಪಿನ ಹತ್ತಿರ ಹೋಗುವವರೆಗೆ ರೆಪ್ಪೆ ಮಿಟುಕಿಸದೆ ನೋಡಿದಳು. ಬಸ್ತ್ಯಾಂವ ಬೆನ್ನು ತಿರುಗಿಸಿಕೊಂಡು ಭಜಿ ತಿನ್ನುತ್ತಿದ್ದ.

ಕ್ಯಾಸಲ್‌ರಾಕಿಗೆ ಹೋಗುವ ದಿನ ನನ್ನನ್ನೂ ಜೊತೆಗೆ ಬರಲು ಕರೆದರು. ಬೆಳಗ್ಗೆ ಗಾಡಿ ನಮ್ಮ ಮನೆಯ ಮುಂದೆ ಬಂದು ನಿಂತಾಗ ಅದು ಜೀಪೋ ಮದುವೆಯ ಮಂಟಪವೋ ಗೊತ್ತಾಗಲಿಲ್ಲ. ಆ ಊರಿನಲ್ಲಿ ಒಂದು ಮನೆ ಕ್ರಿಸ್ತರದು, ಪಕ್ಕದ್ದು ಹಿಂದೂಗಳದು, ಆಚೆಯದು ಮುಸಲ್ಮಾನರದು, ಎಲ್ಲರೂ ಸಿದ್ದಿಯರೇ, ಎಲ್ಲರೂ ನೆಂಟರೇ. ಕ್ಲಾರಾಳ ಗಾಡಿ ಉಳಿಯಲಿ ಎಂದು ಇಡೀ ಕೇರಿ ಹರಕೆ ಹೊತ್ತಂತಿತ್ತು. ಪಾದ್ರಿಗಳು ಆಶೀರ್ವದಿಸಿದ ಮೇಲೆ ಕ್ಲಾರಾಳ ತಾಯಿ ಹಾಕಿದ ಸೇವಂತಿಗೆ ಹಾರ, ಪಕ್ಕದ ಮನೆಯವರ ಚೆಂಡು ಹೂವು ಮತ್ತು ಮಾವಿನ ಎಲೆಯ ತೋರಣ, ಆಚೆ ಮನೆಯ ಮುದುಕಿ ದರ್ಗಾಕ್ಕೆ ಹೆಣೆಸಿದಂತೆಯೇ ಹೆಣೆಸಿ ತಂದ ಹೂವಿನ ಚಾದರ. ಒಂದನ್ನು ಬೇಡವೆಂದರೂ ಒಂದು ಮನೆ ನೊಂದುಕೊಳ್ಳುತ್ತದೆ. ಎಲ್ಲವನ್ನೂ ಮುಂಭಾಗದ ಜಾಲರಿಗೆ ತಂತಿಯಿಂದ ಬಿಗಿಯಾಗಿ ಕಟ್ಟಿದವನು ಬಸ್ತ್ಯಾಂವ. ಮಾರುತ್ತೇನೆ ಎನ್ನುತ್ತಿದ್ದವನು ಬೆಳಗಿನ ಜಾವ ಎದ್ದು ಗಾಡಿ ತೊಳೆದಿದ್ದ. ನನ್ನ ಕಣ್ಣಿಗೂ ಆ ಹೂವು ಬರೀ ಚೆಂದವಾಗಿ ಕಂಡಿತು.

ಹೋಗುವಾಗ ತಂಪು ಹೊತ್ತು, ಗಾಡಿಯಲ್ಲಿ ಅಣ್ಣ, ತಂಗಿ, ನಾನು ಮೂವರೇ. ಮುಳ್ಳು ಹಸಿರಿನ ನಡುವೆ ಸಾಧುವಿನಂತೆ ಕೂತಿತ್ತು. ಸ್ಟೇಷನ್ನಿನಲ್ಲಿ ಪುಣೆಯ ಒಂದು ಕುಟುಂಬ ಇಳಿದು ಬಂತು: ಗಂಡ, ಹೆಂಡತಿ, ಒಬ್ಬ ಅಜ್ಜಿ, ಹಮಾಲರಿಗೆ ಸಾಲುವಷ್ಟು ಸಾಮಾನು. ತಿರುಗಿ ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ಏರು ಶುರುವಾಗಿ ಕ್ಲಾರಾ ಎರಡನೇ ಗೇರಿಗೆ ಹಾಕಿದಳು. ಹಿಂದೆ ಕುಳಿತಿದ್ದ ನಾನು ಅವಳ ಭುಜದ ಪಕ್ಕದಿಂದ ಮುಳ್ಳು ನೋಡಿದೆ. ಹಸಿರಿನ ಅಂಚಿಗೆ ಬಂದಿತ್ತು. ಮುಂದಿನ ತಿರುವಿನಲ್ಲಿ ಅಂಚನ್ನೂ ದಾಟಿತು. ನಿಲ್ಲಿಸು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಕಣ್ಣು ಇಳಿದು ಏರಿತು, ಗಾಡಿ ಮರದ ನೆರಳಿಗೆ ಸರಿದು ನಿಂತಿತು. ನೀರು ತಿರುಗುತ್ತಿರಲಿ ಎಂದು ಎಂಜಿನ್ನನ್ನು ಹಾಗೇ ನಿಧಾನಕ್ಕೆ ಓಡಲು ಬಿಟ್ಟಳು.

ಬಸ್ತ್ಯಾಂವ ಕೆಂಡವಾದ. "ಯಾಕ ನಿಲ್ಲಿಸಿದಿ? ಹೊಗಿ ಇಲ್ಲ, ವಾಸನಿ ಇಲ್ಲ! ಇಲ್ಲಿ ನಿಂತ್ರ ಎಲ್ಲಾ ಮುಗೀತು. ಸುನಂದಾಬಾಯಿಯವ್ರು ಮತ್ತ ಕರೀತಾರೇನ ನಿನ್ನ?"

"ಹೊಗಿ ಬಂದ ಮ್ಯಾಲ ನಿಂತು ಏನ್ ಮಾಡ್ಲಣ್ಣಾ?"

ಅವನು ನನ್ನ ಕಡೆ ತಿರುಗಿದ. "ಕಾಕಾ, ನಿಮ್ಮ ಮೀಟರ್ ಸುಳ್ಳ ತೋರಸಾಕತ್ತೈತಿ. ಕಟ್ಟಿಗಿ ಹಲಗ್ಯಾಗ ಮುಳ್ಳು ಹುಚ್ಚುಚ್ಚಾರ ಕುಣೀತೈತಿ ಅಂತ ನೀವ ಹೇಳಿದ್ರಿ."

"ಅದಕ್ಕ ಬ್ಯಾಟರಿತನಾ ಬ್ಯಾರೆ ವೈರ್ ಎಳದೇನಪಾ. ಮುಳ್ಳು ಖರೆ ಐತಿ."

"ನೀವು ಹಂಗ ಅನ್ನಾವ್ರ. ನಿಮ್ಮ ಕೆಲಸ ಅದು."

"ನಾ ಕುದಿಯೂ ನೀರಾಗ ಅದ್ದಿ ನೋಡೇನಿ," ಎಂದಳು ಕ್ಲಾರಾ. ದನಿ ಏರಿಸಲಿಲ್ಲ. "ಗಾಡಿ ನಾ ಹೊಡ್ಯಾಕತ್ತೇನಿ. ಇದು ಇಳಿಯೂತನಾ ಹೋಗೂದಿಲ್ಲ."

ನನ್ನ ವೃತ್ತಿಯಲ್ಲಿ ಬೆನ್ನು ತಟ್ಟಿದವರು ಇದ್ದಾರೆ, ಶಾಲು ಹೊದಿಸಿದವರೂ ಒಬ್ಬಿಬ್ಬರು ಇದ್ದಾರೆ. ಆ ಮಾತಿನಷ್ಟು ಸಂತೋಷ ಯಾವುದೂ ಕೊಟ್ಟಿಲ್ಲ. ಮೀಟರ್ ಎಂಜಿನ್ನನ್ನು ತಣ್ಣಗೆ ಮಾಡುವುದಿಲ್ಲ. ನಿಲ್ಲಲು ಧೈರ್ಯ ಕೊಡುತ್ತದೆ, ಅಷ್ಟೇ ಅದರ ಕೆಲಸ.

ಆದರೆ ಏರಿದ್ದು ಯಾಕೆ? ಹೊಸ ಪೈಪು, ತುಂಬಿದ ನೀರು, ಬಿಗಿಯಾದ ಬೆಲ್ಟು. ಮುಂದೆ ಹೋಗಿ ನಿಂತೆ. ಗಾಳಿ ಒಳಗೆ ಹೋಗಬೇಕಾದ ಜಾಲರಿಯಲ್ಲಿ ಒಂದು ಬೆರಳು ತೂರಿಸಲು ಜಾಗವಿರಲಿಲ್ಲ. ಚಾದರದ ಸಂದಿನಿಂದ ಬಗ್ಗಿ ನೋಡಿದೆ. ಫ್ಯಾನು ಎಳೆದುಕೊಂಡ ಎಸಳುಗಳೆಲ್ಲ ಹೋಗಿ ರೇಡಿಯೇಟರಿಗೆ ಮೆತ್ತಿಕೊಂಡು, ಅದು ಅರಿಶಿನ ಬಳಿದ ಹೊಸ್ತಿಲಿನಂತೆ ಕಾಣುತ್ತಿತ್ತು.

"ಬಾರೊ ಇಲ್ಲಿ," ಎಂದು ಬಸ್ತ್ಯಾಂವನನ್ನು ಕರೆದೆ. ಅವನು ನೋಡಿದ. ತಾನೇ ಕಟ್ಟಿದ್ದು. ಮುಖ ಬಾಡಿಹೋಯಿತು.

"ದೇವರ ಹೂವ ಕಾಕಾ. ಮೂರೂ ಮನೀದು. ನಡುದಾರ್ಯಾಗ ಹೆಂಗ ಬಿಚ್ಚೂದು?"

"ದೇವರು ಗಾಳಿ ಕೇಳೂದಿಲ್ಲೊ, ರೇಡಿಯೇಟರ್ ಕೇಳತೈತಿ. ಬಿಚ್ಚು, ಹಿಂದ ಸ್ಟೆಪ್ನಿಗೆ ಕಟ್ಟೂಣು. ದೇವರು ಹಿಂದಿಂದನೂ ಕಾಯ್ತಾನ."

ಅವನು ಒಂದೊಂದೇ ತಂತಿ ಬಿಚ್ಚತೊಡಗಿದ. ತಂಗಿಯ ಗಾಡಿ ಗೆಲ್ಲಲಿ ಎಂದು ಕಟ್ಟಿದ್ದೇ ಅದನ್ನು ಉಸಿರುಗಟ್ಟಿಸಿತ್ತು. ಕ್ಲಾರಾ ಬಂದು ಹಾರದ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಚಾದರವನ್ನು ಹರಿಯದಂತೆ ಬಿಡಿಸಿ, ಹಿಂದಿನ ಹೆಚ್ಚುವರಿ ಗಾಲಿಗೆ ಹೊದಿಸಿದರು. ನಾನು ಬಿದಿರಿನ ಸೀಳಿನಿಂದ ಎಸಳುಗಳನ್ನು ಒಂದೊಂದಾಗಿ ಕೆದಕಿ ತೆಗೆದೆ. ಅಷ್ಟು ಹೊತ್ತೂ ಪುಣೆಯ ಅಜ್ಜಿ ಮರದ ಮೇಲಿನ ಮಂಗಟ್ಟೆ ಹಕ್ಕಿಯನ್ನು ನೋಡುತ್ತ ಖುಷಿಯಾಗಿದ್ದರು. ನೋಡನೋಡುತ್ತ ಮುಳ್ಳು ಇಳಿದು ಹಸಿರಿಗೆ ಬಂದು ಕೂತಿತು. ಉಳಿದ ಏರನ್ನೆಲ್ಲ ಹತ್ತಿದರೂ ಮತ್ತೆ ಅಲ್ಲಿಂದ ಕದಲಲಿಲ್ಲ.

ಸುನಂದಾಬಾಯಿ ಅಂಗಳದಲ್ಲೇ ಕಾಯುತ್ತಿದ್ದರು. "ಅಗೋ ಕ್ಲಾರಾ, ಯಾಕ ತಡ? ಗಾಡಿ ಕೆಟ್ಟಿತ್ತೇನ?"

ಬಸ್ತ್ಯಾಂವ ತಂಗಿಯ ಮುಖ ನೋಡಿದ. ರೈಲು ತಡವಾಯಿತು ಎಂದುಬಿಟ್ಟರೆ ಮುಗಿಯುತ್ತಿತ್ತು. ನಾನೂ ಅದನ್ನೇ ಹೇಳಲು ಹೊರಟಿದ್ದೆ, ಸುಳ್ಳೇಕೆ?

"ಕೆಟ್ಟಿಲ್ರಿ ಬಾಯಿ," ಎಂದಳು ಕ್ಲಾರಾ. "ಬಿಸಿ ಆಗಾಕತ್ತಿತ್ತು. ಕುದಿಯೂ ಮೊದಲ ನಿಲ್ಲಿಸಿ, ಯಾಕ ಅಂತ ನೋಡಿ, ಸರಿ ಮಾಡಿಕೊಂಡು ಬಂದ್ವಿ."

ಸುನಂದಾಬಾಯಿ ಜೀಪಿಗೆ ಒಂದು ಸುತ್ತು ಹಾಕಿದರು. ಹಿಂದಿನ ಗಾಲಿಗೆ ಹೊದಿಸಿದ ಚಾದರದ ಮುಂದೆ ನಿಂತು ಏನಿದು ಎಂದು ಕೇಳಿದರು, ಕೇಳಿ ನಕ್ಕರು. ಮತ್ತೆ ಗಂಭೀರವಾದರು. "ನನ್ನ ಕಡೆ ಬಂದ ಡ್ರೈವರುಗಳು ಹೊಗಿ ಏಳೂತನಾ ಏನೂ ಇಲ್ಲ ಬಾಯಿ, ಏನೂ ಇಲ್ಲ ಬಾಯಿ ಅಂತಾರ. ನಾಡದ್ದು ಇವರನ್ನ ತಿರುಗಿ ಸ್ಟೇಷನ್ನಿಗೆ ಬಿಡಬೇಕು. ನೀನೇ ಬಾ. ಮುಂದನೂ ನೀನೇ."

ಮರಳುವಾಗ ಬಸ್ತ್ಯಾಂವ ಮುಂದಿನ ಸೀಟಿನಲ್ಲಿ ಕುಳಿತು ರಸ್ತೆಯನ್ನು ಬಿಟ್ಟು ಮೀಟರನ್ನೇ ನೋಡುತ್ತಿದ್ದ. ಒಮ್ಮೆ ತೂತಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, "ಸಾಫ್ ಕೊರದೀರಿ ಕಾಕಾ," ಎಂದ. ದಾಂಡೇಲಿಯ ಹತ್ತಿರ ಬರುವಾಗ ಅವನ ಫೋನು ಹೊಡೆದುಕೊಂಡಿತು. ಗುಜರಿಯವನು. ಅವನ ದೊಡ್ಡ ದನಿ ಹಿಂದೆ ಕುಳಿತ ನನಗೂ ಕೇಳಿಸುತ್ತಿತ್ತು, ಗಾಡಿ ಯಾವಾಗ ಒಯ್ಯಲಿ ಎಂದು.

ಬಸ್ತ್ಯಾಂವ ಮೀಟರಿನಿಂದ ಕಣ್ಣೆತ್ತಿ ತಂಗಿಯನ್ನು ನೋಡಿದ.

"ನನ್ನ ಕೇಳಬ್ಯಾಡ್ರಿ," ಎಂದ ಆಮೇಲೆ. "ಗಾಡಿ ನಂದಲ್ಲ, ನನ್ನ ತಂಗೀದು. ತಡೀರಿ, ಅಕಿ ಕೈಯಾಗ ಕೊಡತೇನಿ."

ಫೋನನ್ನು ಅವಳ ಕಡೆ ಚಾಚಿದ. ಕ್ಲಾರಾ ಅದರ ಕಡೆ ತಿರುಗಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು, ಕೆನ್ನೆ ಒದ್ದೆಯಾಗಿತ್ತು.

"ಗಾಡಿ ಹೊಡ್ಯಾಕತ್ತಾಳ ಅಂತ ಹೇಳಣ್ಣಾ."